ಕೆಂಪು ದಾರದ ಮಿಶ್ಮಿಶಾ

ಫುವ್ವಾ ಊರಿನ ಮಾಳಿಗೆಗಳ ಮೇಲೆ ಕೋಳಿಗಳಿಗೆ ಹೆಸರಿರುವುದಿಲ್ಲ, ದಾರವಿರುತ್ತದೆ. ಮನೆಗೆ ಮನೆ ಅಂಟಿಕೊಂಡ ಓಣಿಗಳು. ಮಾಳಿಗೆಗೂ ಮಾಳಿಗೆಗೂ ನಡುವೆ ಸೊಂಟದೆತ್ತರದ ಗೋಡೆ. ಕೋಳಿಗೆ ಅದು ಗೋಡೆಯೇ ಅಲ್ಲ. ಬೆಳಿಗ್ಗೆ ಇಲ್ಲಿ ನುಚ್ಚು ತಿಂದು, ಮಧ್ಯಾಹ್ನ ಅಲ್ಲಿ ನೆರಳು ಹಿಡಿದು, ಮತ್ತೆಲ್ಲೋ ಮೊಟ್ಟೆ ಇಟ್ಟು ಏನೂ ಅರಿಯದವರ ಹಾಗೆ ಮನೆಗೆ ಬರುವ ಜಾತಿ ಅದು. ಅದಕ್ಕೇ ಮನೆಗೊಂದು ಬಣ್ಣ. ಮರಿಗೆ ಪುಕ್ಕ ಬಲಿತ ಕೂಡಲೇ ಬಲಗಾಲಿಗೆ ದಾರ ಕಟ್ಟಿಬಿಡುತ್ತಾರೆ. ಪಕ್ಕದ ಮನೆಯ ಉಮ್ ಸಾಬಿರಳದು ಹಸಿರು. ಮೂಲೆಯ ರೊಟ್ಟಿ ಭಟ್ಟಿಯವರದು ನೀಲಿ. ಮಿತ್ವಲ್ಲಿಯ ಮನೆಯದು ಕೆಂಪು. ಅವನು ಜಮಖಾನ ನೇಯುವವನು. ಮಗ್ಗದ ಕೆಳಗೆ ಹಾಸಿನ ದಾರದ ತುಂಡುಗಳಿಗೆ ಬರವಿಲ್ಲ. ತನ್ನ ದಾರವನ್ನು ಕತ್ತೆ ಎಳೆದರೂ ಹರಿಯದು ಎಂದು ಅವನಿಗೆ ಹೆಮ್ಮೆ.

ಅವನ ಮಗಳು, ಹನ್ನೆರಡು ವರ್ಷದ ನವ್ವಾರಾ, ಒಂದು ಕೋಳಿಗೆ ಮಾತ್ರ ದಾರದ ಜೊತೆಗೆ ಹೆಸರನ್ನೂ ಕೊಟ್ಟಿದ್ದಳು. ಜರದಾಳು ಹಣ್ಣಿನ ಬಣ್ಣದ್ದೆಂದು ಮಿಶ್ಮಿಶಾ. ಮರಿಗಳನ್ನೆಲ್ಲ ಕರೆದುಕೊಂಡು ತಾಯಿಕೋಳಿ ಎದ್ದು ಹೋದ ಮೇಲೆ, ತಣ್ಣಗಾಗುತ್ತಿದ್ದ ಕೊನೆಯ ಮೊಟ್ಟೆಯೊಳಗಿಂದ ಕುಟುಕುಟು ಸದ್ದು ಕೇಳಿ, ಅದನ್ನು ಅಂಗಿಯೊಳಗೆ ಎದೆಗೆ ಒತ್ತಿಕೊಂಡು ಒಂದಿಡೀ ಹಗಲು ಅಲ್ಲಾಡದೆ ಕೂತವಳು ಅವಳು. ಹೊರಬಂದ ಮರಿ ಮೊದಲು ಕಂಡದ್ದು ಅವಳ ಗದ್ದವನ್ನು. ಅಂದಿನಿಂದ ಆ ಗದ್ದವೇ ಅದಕ್ಕೆ ತಾಯಿ. ಎರಡು ತಿಂಗಳಾದಾಗ ಅಜ್ಜಿ ಬಹೀಗಾ ಉಳಿದ ಮರಿಗಳಿಗೆ ದಾರ ಕಟ್ಟಿದರೆ, ಮಿಶ್ಮಿಶಾಳಿಗೆ ತಾನೇ ಕಟ್ಟುತ್ತೇನೆಂದು ನವ್ವಾರಾ ಹಟ ಹಿಡಿದಳು. ಎರಡು ಸುತ್ತು ಸುತ್ತಿ ಮೂರು ಗಂಟು ಬಿಗಿದಳು. ಏಳು ಸಮುದ್ರದಾಚೆಯ ಕಳ್ಳ ಬಂದರೂ ಬಿಚ್ಚಲಾರದ ಗಂಟು.

ಇಂಥ ಮಾತುಗಳೆಲ್ಲ ಅವಳಿಗೆ ಅಜ್ಜಿಯಿಂದಲೇ ಬಂದದ್ದು. ಚಂದ್ರನ ಅಂಗಳದಲ್ಲಿ ಕಾಳು ಹೆಕ್ಕುವ ಕೋಳಿ, ರಾಜಕುಮಾರಿಯ ಗುಟ್ಟನ್ನು ಕೊಕ್ಕಿನಲ್ಲಿ ಇಟ್ಟುಕೊಂಡ ಕೋಳಿ, ಅಜ್ಜಿಯ ಕಥೆಗಳಲ್ಲಿ ಕೋಳಿಗಳಿಗೆ ಸಾವೇ ಇರಲಿಲ್ಲ. ಅದೇ ಅಜ್ಜಿ ಶುಕ್ರವಾರ ಬಂದರೆ ತೋಳು ಮಡಿಸಿ ಚೂರಿ ಮಸೆಯುತ್ತಿದ್ದಳು. ಕೇಳಿದರೆ, "ಕಥೆ ಬೇರೆ, ಅಡುಗೆಮನೆ ಬೇರೆ ಕಣೇ. ಎರಡನ್ನೂ ಒಂದೇ ಒಲೆ ಮೇಲೆ ಇಡಬಾರದು" ಎನ್ನುತ್ತಿದ್ದಳು.

ದಾರ ಕಟ್ಟಿ ಎರಡು ತಿಂಗಳ ಮೇಲಾಗಿತ್ತು, ಮರಳುಗಾಳಿ ಬೀಸುವ ವಾರ. ಬಾಯಿ ತೆರೆದರೆ ಹಲ್ಲಿನ ನಡುವೆ ಮರಳು ಕರಕರ. ಉಮ್ ಸಾಬಿರ್ ಬೆಳಿಗ್ಗೆ ಒಣಗಲು ಹರವಿದ್ದ ಗೋಧಿಗೆ ಮಿಶ್ಮಿಶಾ ಬಾಯಿ ಹಾಕಿದ್ದೇ ತಡ, ಆಕೆ ಪೊರಕೆ ಎತ್ತಿಕೊಂಡು ಓಡಿಬಂದಳು. ಕೋಳಿ ಕೂಗುತ್ತ ಗೋಡೆ ಹತ್ತಿ, ಗಾಳಿಗೆ ಸಿಕ್ಕಿ, ಇತ್ತ ಕಡೆಯ ಕಲ್ಲು ಬಾನಿಯ ಮೇಲೆ ದೊಪ್ಪನೆ ಬಿತ್ತು. ಮಾರನೆಯ ದಿನ ಬಲಗಾಲನ್ನು ಪುಕ್ಕದೊಳಗೆ ಮಡಿಸಿಕೊಂಡು ಒಂಟಿಕಾಲಲ್ಲಿ ನಿಂತಿತು. ಮೂರನೆಯ ದಿನ ಪಾದ ಊದಿತ್ತು.

"ಪೊರಕೆಲಿ ಹೊಡೆದು ಕಾಲು ಮುರಿದ್ಲು ನನ್ನ ಮಿಶ್ಮಿಶಾಂದು!" ನವ್ವಾರಾ ಗೋಡೆಗೆ ಹೊಟ್ಟೆ ಒತ್ತಿ ನಿಂತು ಇಡೀ ಓಣಿಗೆ ಕೇಳುವ ಹಾಗೆ ಕೂಗಿದಳು.

ಆಚೆಯಿಂದ ಉಮ್ ಸಾಬಿರ್ ಸೊಂಟಕ್ಕೆ ಕೈ ಕೊಟ್ಟಳು. "ಏಯ್, ಪೊರಕೆ ತಾಗೇ ಇಲ್ಲ ಕಣೇ! ಅಷ್ಟಕ್ಕೂ ಅದು ನಿಮ್ಮದು ಅಂತ ಯಾರು ಹೇಳಿದ್ರು? ಕಾಲಲ್ಲಿ ದಾರಾನೇ ಇಲ್ಲ. ದಾರ ಇಲ್ಲದ ಕೋಳಿ ಸುಲ್ತಾನಂದೂ ಆಗ್ಬಹುದು, ನನ್ನದೂ ಆಗ್ಬಹುದು."

ನೋಡಿದರೆ ನಿಜ. ಕಾಲಲ್ಲಿ ಕೆಂಪು ಕಾಣಲಿಲ್ಲ. ಎಲ್ಲೋ ಬಿದ್ದುಹೋಗಿರಬೇಕು ಎಂದುಕೊಂಡ ನವ್ವಾರಾಳಿಗೆ ಆ ಹೊತ್ತಿನಲ್ಲಿ ದಾರದ ಯೋಚನೆ ಬರಲಿಲ್ಲ, ಸಿಟ್ಟು ಬಂತು. ಇನ್ನು ಈ ಹೆಂಗಸಿಗೆ ಸಲಾಂ ಹೇಳಿದರೆ ಕೇಳು ಎಂದು ಅಲ್ಲೇ ಆಣೆ ಇಟ್ಟಳು.

"ಗಾಳಿ ಬರೋಕ್ಕೆ ಮುಂಚೇನೇ ಅದು ಕುಂಟ್ತಿತ್ತಲ್ವಾ ಮಗಳೇ?" ಎಂದಳು ಅಮ್ಮ ಇಖ್ಲಾಸ್, ಮೆಟ್ಟಿಲ ಮೇಲೆ ಕೂತು ಏದುಸಿರು ಬಿಡುತ್ತ. ಅವಳಿಗೆ ಒಂಬತ್ತು ತಿಂಗಳು ತುಂಬುತ್ತಿತ್ತು. ಈಗ ಮಾಳಿಗೆಯವರೆಗೂ ಹತ್ತಲಾಗದೆ ಆರನೆಯ ಮೆಟ್ಟಿಲಲ್ಲೇ ಕೂತುಬಿಡುತ್ತಿದ್ದಳು. ನವ್ವಾರಾ ಕೇಳಿಸಿಕೊಳ್ಳಲಿಲ್ಲ. ತಪ್ಪಿತಸ್ಥೆ ಸಿಕ್ಕಿಯಾಗಿತ್ತು, ಮತ್ತೊಬ್ಬರನ್ನು ಹುಡುಕುವ ಆಸೆ ಅವಳಿಗಿರಲಿಲ್ಲ.

ಅಜ್ಜಿ ಕೋಳಿಯನ್ನು ರೆಕ್ಕೆಯಲ್ಲಿ ಹಿಡಿದೆತ್ತಿ, ಪೊರೆ ಬಂದ ಕಣ್ಣಿನ ಹತ್ತಿರ ತಂದು ನೋಡಿದಳು. ಎದೆಯ ಮಾಂಸ ಒತ್ತಿದಳು. ಶುಕ್ರವಾರದ ಕೋಳಿಗಳನ್ನು ಒತ್ತಿ ನೋಡುತ್ತಿದ್ದದ್ದೂ ಹಾಗೆಯೇ.

"ಇವತ್ತೇ ಮುಗಿಸೋದು ವಾಸಿ," ಎಂದಳು ಅಜ್ಜಿ. "ನಂಜೇರಿ ತಾನಾಗೇ ಸತ್ರೆ ಹರಾಮ್. ಆಮೇಲೆ ನಾಯಿ ಪಾಲು. ಇನ್ನೂ ಒಂದು ಮೊಟ್ಟೆ ಇಟ್ಟಿಲ್ಲ, ಕುಂಟಿಯಾದ್ರೆ ಉಳಿದವು ಕುಕ್ಕಿ ಕುಕ್ಕಿ ಕೊಲ್ತವೆ."

"ಕುಕ್ಕೋಕೆ ನಾನು ಬಿಡಲ್ಲ!"

"ನಿಮ್ಮಮ್ಮ ಬಾಣಂತಿ ಆಗೋಳು. ಮೊದಲ ದಿನಾನೇ ಕೋಳಿ ಸಾರು ಹೊಟ್ಟೆಗೆ ಬೀಳ್ಬೇಕು. ನಾಟಿ ಕೋಳಿ, ಅದೂ ನಮ್ಮ ಮಾಳಿಗೇದು. ಮೊಟ್ಟೆ ಇಡದೇ ಇರೋದನ್ನ ಬಿಟ್ಟು ಇಡೋದನ್ನ ಕೊಯ್ಯೋಕಾಗುತ್ತಾ? ನೀನೇ ಹೇಳು."

ನವ್ವಾರಾ ಅಳಲಿಲ್ಲ. ಅಜ್ಜಿಯ ಕೈಯಿಂದ ಕೋಳಿಯನ್ನು ತೆಗೆದುಕೊಂಡು ಕಂಕುಳಲ್ಲಿ ಇಟ್ಟುಕೊಂಡಳು. "ಅಮ್ಮಂಗೆ ಹೆರಿಗೆ ಆಗೋವರೆಗೂ ಟೈಮ್ ಕೊಡು ಅಜ್ಜಿ. ಅಷ್ಟರಲ್ಲಿ ಇವಳು ಎರಡೂ ಕಾಲಲ್ಲಿ ನಡೀತಾಳೆ. ನಡೆದ್ರೆ ನೀನು ಮುಟ್ಟಬಾರದು."

"ನಡೀದಿದ್ರೆ?"

"ನಡೀತಾಳೆ."

"ನಡೀದಿದ್ರೆ ಅಂತ ಕೇಳ್ದೆ."

"ನಾನೇ ತಂದು ಕೊಡ್ತೀನಿ."

ಅಜ್ಜಿ ಮೊಮ್ಮಗಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆ ಗದ್ದ ಯಾರ ಕಡೆಯಿಂದ ಬಂದದ್ದೆಂದು ಅವಳಿಗೆ ಗೊತ್ತಿತ್ತು. ಕನ್ನಡಿಯಲ್ಲಿ ದಿನಾ ನೋಡುವಂಥದ್ದೇ. "ಮಾತು ಮಾತೇ," ಎಂದಳು.

ಮೊದಲ ವೈದ್ಯ ಅಜ್ಜಿಯದೇ. ಅದು ಅವಳ ದೊಡ್ಡತನ. ಕೊಯ್ಯಬೇಕೆಂದವಳೇ ಕಟ್ಟು ಹಾಕಲು ಕೂತಳು. ಮೊಟ್ಟೆಯ ಬಿಳಿಗೆ ಹಿಟ್ಟು ಕಲಸಿ, ಖರ್ಜೂರದ ಗರಿಯ ದಿಂಡನ್ನು ಸೀಳಿ ಎರಡು ಕಡ್ಡಿ ಮಾಡಿ, ಬಟ್ಟೆ ಸುತ್ತಿ ಬಿಗಿದಳು. ಮನುಷ್ಯರ ಮೂಳೆ ಮುರಿದರೂ ಆ ಮನೆಯಲ್ಲಿ ಹಾಕುವುದು ಅದೇ ಕಟ್ಟು.

ಆದರೆ ಕಟ್ಟು ಹಾಕಿದ ಕೋಳಿ ಕೂರಲಾರದು, ನಿಲ್ಲಲಾರದು. ನವ್ವಾರಾ ಹಿಟ್ಟಿನ ಖಾಲಿ ಚೀಲಕ್ಕೆ ಎರಡು ತೂತು ಕತ್ತರಿಸಿ, ಕಾಲುಗಳನ್ನು ತೂತಿನಿಂದ ಇಳಿಬಿಟ್ಟು, ಚೀಲವನ್ನು ಅಪ್ಪನ ಮಗ್ಗದ ಅಡ್ಡತೊಲೆಗೆ ತೂಗುಹಾಕಿದಳು. ಮಿಶ್ಮಿಶಾ ಅದರಲ್ಲಿ ಪಾಷಾ ಸಾಹೇಬರ ಹಾಗೆ ಕೂತು, ಕಣ್ಣೆದುರು ಹೆಣೆದುಕೊಳ್ಳುತ್ತಿದ್ದ ಜಮಖಾನವನ್ನು ಒಂದು ಕಣ್ಣಿನಿಂದ ನೋಡಿತು, ಆಮೇಲೆ ಇನ್ನೊಂದು ಕಣ್ಣಿನಿಂದ.

"ಮಗ್ಗಕ್ಕೆ ಕೋಳಿ ನೇತುಹಾಕಿದ ಮೊದಲನೇ ನೇಕಾರ ನಾನೇ ಇರ್ಬೇಕು," ಎಂದ ಮಿತ್ವಲ್ಲಿ. "ಹಿಕ್ಕೆ ಹಾಕಿದ್ರೆ ಏನು ಮಾಡೋದು?"

"ಕೆಳಗೆ ಬೂದಿ ಹಾಕಿದೀನಪ್ಪ."

"ನೇಯೋದು ತಪ್ಪಿದ್ರೆ ಕೊಕ್ಕಲ್ಲಿ ತೋರಿಸ್ತಾಳಾ ನಿನ್ನ ಮಿಶ್ಮಿಶಾ?"

"ನಿನಗಿಂತ ಚೆನ್ನಾಗಿ."

ಶಾಲೆಗೆ ಹೋಗುವ ಮೊದಲು ಬರ್ಸೀಮ್ ಸೊಪ್ಪು ಸಣ್ಣಗೆ ಹೆಚ್ಚಿ, ನೆನೆಸಿದ ರೊಟ್ಟಿಗೆ ಬೆರೆಸಿ ತಿನ್ನಿಸುವುದು. ಬಂದ ಮೇಲೆ ಚೀಲದಿಂದ ಇಳಿಸಿ, ತೊಡೆಯ ಮೇಲೆ ಇಟ್ಟುಕೊಂಡು, ಎಡಗಾಲಿಗೆ ಜೋಮು ಹಿಡಿಯದಂತೆ ತಿಕ್ಕುವುದು. ಅಜ್ಜಿಯ ಕಥೆಗಳನ್ನು ಅಜ್ಜಿಯದೇ ದನಿಯಲ್ಲಿ ಅದರ ಕಿವಿಗೆ ಹೇಳುವುದು. ಕೋಳಿಗೆ ಕಿವಿ ಎಲ್ಲಿರುತ್ತದೆಂದು ಆ ವಾರವೇ ಅವಳಿಗೆ ಗೊತ್ತಾದದ್ದು: ಕೆನ್ನೆಯ ಮೇಲಿನ ಪುಟ್ಟ ಪುಕ್ಕದ ಅಡಿಯಲ್ಲಿ. ಗೆಳತಿಯರು ನದಿಯ ದಂಡೆಗೆ ಕರೆದರು, ಹೋಗಲಿಲ್ಲ. ಉಮ್ ಸಾಬಿರ್ ದಾರಿಯಲ್ಲಿ ಎದುರಾದಾಗ ಗೋಡೆಯ ಕಡೆ ಮುಖ ತಿರುಗಿಸಿದಳು.

"ಅಯ್ಯೋ, ನಮ್ಮ ಡಾಕ್ಟರಮ್ಮಂಗೆ ಕತ್ತು ಹಿಡ್ಕೊಂಡಿದೆ!" ಎಂದು ಉಮ್ ಸಾಬಿರ್ ಓಣಿಗೆಲ್ಲ ಸಾರಿದಳು. "ಅಜ್ಜಿ ಕೈಲಿ ಅದಕ್ಕೂ ಒಂದು ಕಟ್ಟು ಹಾಕಿಸ್ಕೊಳ್ಳೇ!"

ಆರನೆಯ ದಿನ ಕಟ್ಟು ಬಿಚ್ಚಿದಾಗ ಪಾದ ತಣ್ಣಗಿತ್ತು. ಬೆರಳ ತುದಿಗಳು ಹಣ್ಣಾದ ಅಂಜೂರದ ಬಣ್ಣಕ್ಕೆ ತಿರುಗಿದ್ದವು. ಅಜ್ಜಿ ಹೋಗಿ ಚೂರಿಯನ್ನು ಗೋಡೆಯ ಗೂಡಿನಿಂದ ತೆಗೆದು ಒಲೆಯ ಪಕ್ಕದ ಮೊಳೆಗೆ ತೂಗುಹಾಕಿದಳು. ಹೇಳುವುದನ್ನೆಲ್ಲ ಆ ಮೊಳೆಯೇ ಹೇಳಿತು. ನವ್ವಾರಾ ಅದನ್ನು ನೋಡಿ, ಕಡ್ಡಿಗಳನ್ನು ಒಲೆಗೆ ಎಸೆದು, ನೀರು ಬಿಸಿಗಿಟ್ಟಳು. ಕಟ್ಟು ಬೇಡವೆಂದರೆ ಕಾವು. ಬಿಸಿ ಉಪ್ಪುನೀರಿನ ಬಟ್ಟೆಯನ್ನು ಪಾದಕ್ಕೆ ಸುತ್ತುವುದು, ತಣ್ಣಗಾದರೆ ತೆಗೆದು ಮತ್ತೆ ಸುತ್ತುವುದು. ಬೆರಳುಗಳ ಬಣ್ಣ ಮಾತ್ರ ಹಾಗೇ ಉಳಿಯಿತು.

ಒಂಬತ್ತನೆಯ ದಿನ ಮಧ್ಯಾಹ್ನ ಅಮ್ಮ ನರಳಿದಳು. ಹೆರಿಗೆಯ ನೋವಲ್ಲ, ಉಂಗುರದ್ದು. ಬಸಿರಿನ ಕೊನೆಯ ದಿನಗಳಲ್ಲಿ ಕೈಕಾಲು ಊದಿಕೊಂಡು, ಮದುವೆಯ ಉಂಗುರ ಬೆರಳಿನಲ್ಲಿ ಹೂತುಹೋಗಿತ್ತು. ಅಜ್ಜಿ ಸೋಪು ಹಚ್ಚಿದಳು, ಎಣ್ಣೆ ಹಚ್ಚಿದಳು, ಮೊದಲು ದೇವರನ್ನೂ ಆಮೇಲೆ ಅಕ್ಕಸಾಲಿಗನನ್ನೂ ನೆನೆದಳು. ಕೊನೆಗೆ ಉಂಗುರ ಜಾರಿ ಬಂದಾಗ ಅಮ್ಮ ಉಸಿರು ಬಿಟ್ಟು ನಕ್ಕಳು.

"ನೋಡೇ ನವ್ವಾರಾ, ನನ್ನ ಬೆರಳಿಗೆ ಕಾಲುವೆ ತೋಡಿದೆ."

ನವ್ವಾರಾ ನೋಡಿದಳು. ಬೆರಳಿನ ಮೇಲೆ ಊತ, ಕೆಳಗೆ ಊತ, ನಡುವೆ ಸುತ್ತಲೂ ಆಳವಾದ ಗೆರೆ. ಈ ಗೆರೆಯನ್ನು ತಾನು ಎಲ್ಲೋ ನೋಡಿದ್ದೇನೆ. ನೋಡಿದ್ದಲ್ಲ, ಮುಟ್ಟಿದ್ದೇನೆ. ದಿನಾ, ಕಾಲಿಗೆ ಕಾವು ಕೊಡುವಾಗ, ನನ್ನ ಹೆಬ್ಬೆರಳ ಕೆಳಗೆ. ಮೂಳೆ ಕೂಡಿದ ಜಾಗ ಇರಬೇಕೆಂದು ದಾಟಿ ಹೋಗಿದ್ದೇನೆ.

ಅವಳು ಓಡಿದಳು. ಚೀಲದಿಂದ ಕೋಳಿಯನ್ನು ಎಳೆದು, ಬಾಗಿಲಿನ ಬೆಳಕಿಗೆ ತಂದು, ಬಲಗಾಲಿನ ಒಣಗಿದ ಕೊಳೆಯನ್ನು ಒದ್ದೆ ಬಟ್ಟೆಯಿಂದ ಮೆಲ್ಲನೆ ಒರೆಸಿದಳು. ಒರೆಸಿದಳು, ಮತ್ತೆ ಒರೆಸಿದಳು. ಹುರುಪೆಯ ಅಡಿಯಲ್ಲಿ, ಎರಡು ಕಡೆಯಿಂದ ಉಬ್ಬಿ ಕೂಡಿಕೊಂಡಿದ್ದ ಚರ್ಮದ ನಡುವೆ, ಕೂದಲೆಳೆಯಷ್ಟು ಕೆಂಪು.

ದಾರ ಬಿದ್ದುಹೋಗಿರಲಿಲ್ಲ. ಕಾಲು ಬೆಳೆದಿತ್ತು, ದಾರ ಬೆಳೆದಿರಲಿಲ್ಲ. ಎರಡು ಸುತ್ತು, ಮೂರು ಗಂಟು.

ಮಿಶ್ಮಿಶಾ ಅವಳ ಗದ್ದಕ್ಕೆ ಕೊಕ್ಕು ಒರೆಸಿತು, ದಿನಾ ಒರೆಸುವ ಹಾಗೆ. ಅದನ್ನೇ ಅವಳಿಂದ ತಡೆಯಲಾಗಲಿಲ್ಲ.

"ಅಪ್ಪಾ," ಎಂದಳು. ದನಿ ಬೇರೆ ಯಾರದೋ ಹಾಗಿತ್ತು. "ನಿನ್ನ ಸಣ್ಣ ಕತ್ತರಿ ಕೊಡು. ಎಳೆ ಎತ್ತೋ ಕೊಕ್ಕೆನೂ ಕೊಡು."

ಮಿತ್ವಲ್ಲಿ ಬಗ್ಗಿ ನೋಡಿದ. ನೋಡಿ, ಮಗ್ಗದಿಂದ ಎದ್ದ. "ನಾನು ಮಾಡ್ತೀನಿ, ಕೊಡಿಲ್ಲಿ."

"ನಿನ್ನ ಬೆರಳು ದಪ್ಪ. ಅಜ್ಜಿಗೆ ಕಣ್ಣು ಕಾಣಲ್ಲ. ಕಟ್ಟಿದವಳು ನಾನು." ಅವಳು ಕತ್ತರಿಯನ್ನು ಕುದಿಯುವ ನೀರಿಗೆ ಹಾಕಿದಳು. "ನೀನು ಗಟ್ಟಿಯಾಗಿ ಹಿಡ್ಕೋ ಅಷ್ಟೆ. ಮುಖಕ್ಕೆ ಬಟ್ಟೆ ಮುಚ್ಚು, ಕತ್ತಲಾದ್ರೆ ಸುಮ್ಮನಿರ್ತಾಳೆ."

ಕಾಲನ್ನು ಬಿಸಿ ಉಪ್ಪುನೀರಿನಲ್ಲಿ ನೆನೆಸಿದರು. ಚರ್ಮ ಮೆತ್ತಗಾದ ಮೇಲೆ ಕೊಕ್ಕೆಯ ತುದಿಯನ್ನು ಗೆರೆಯೊಳಗೆ ತೂರಿಸಿ, ದಾರದ ಅಡಿಗೆ ಹಾಕಿ, ಅಕ್ಕಿಕಾಳಿನಷ್ಟು ಮೇಲೆತ್ತಬೇಕಿತ್ತು. ಮೊದಲ ಸಲ ಜಾರಿತು. ರಕ್ತ ಬಂತು. ಕೋಳಿ ಬಟ್ಟೆಯೊಳಗೆ ಒಮ್ಮೆ ಜೋರಾಗಿ ಅರಚಿತು, ಅಪ್ಪನ ಹಿಡಿತ ಸಡಿಲಾಯಿತು. "ಬಿಡಬೇಡಪ್ಪ." ಎರಡನೆಯ ಸಲವೂ ಜಾರಿತು. ಮೂರನೆಯ ಸಲ ಕೊಕ್ಕೆಗೆ ಏನೋ ಬಿಗಿಯಾಗಿ ಸಿಕ್ಕಿತು, ಕತ್ತರಿಯ ಮೂತಿ ಅದರಡಿಗೆ ಹೋಯಿತು, ಟಕ್ಕೆಂದಿತು. ಒಂದು ಸುತ್ತು. ಇನ್ನೊಂದು ಸುತ್ತು ಇನ್ನೂ ಆಳದಲ್ಲಿತ್ತು. ಕತ್ತೆ ಎಳೆದರೂ ಹರಿಯದ ದಾರ. ಅದನ್ನು ಎಳೆ ಎಳೆಯಾಗಿ ಕತ್ತರಿಸಿ, ಮೂರು ಗಂಟುಗಳ ಸಮೇತ ಹೊರತೆಗೆದು ಅಂಗೈ ಮೇಲೆ ಇಟ್ಟುಕೊಳ್ಳುವ ಹೊತ್ತಿಗೆ ಮಸೀದಿಯಲ್ಲಿ ಇಳಿಹೊತ್ತಿನ ಬಾಂಗ್ ಆಗಿ, ಜನ ನಮಾಜು ಮುಗಿಸಿ ಮನೆಗೆ ಹೋಗುತ್ತಿದ್ದರು.

ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ಅಂಗೈಯಲ್ಲಿದ್ದುದನ್ನು ಬೆರಳಿನಿಂದ ಮುಟ್ಟಿ ನೋಡಿ ಕಂಡುಕೊಂಡಳು. "ತಿಂಗಳಿಗೊಂದು ಸಲ ಬಿಚ್ಚಿ ಕಟ್ಟಬೇಕು ಅಂತ ನಿನಗೆ ಹೇಳಿರ್ಲಿಲ್ವೇನೇ?"

"ಹೇಳಿರ್ಲಿಲ್ಲ."

"ಹೇಳಿರ್ಲಿಲ್ಲ," ಎಂದು ಅಜ್ಜಿ ತಾನೂ ಒಪ್ಪಿಕೊಂಡಳು. "ನಾನು ಕಟ್ಟಿದ್ದನ್ನ ನಾನು ಬಿಚ್ತಿದ್ದೆ. ನೀನು ಕಟ್ಟಿದ್ದನ್ನ ಮರೆತೆ. ಮೂಳೆ ಸರಿಯಾಗಿದ್ದ ಕಾಲಿಗೆ ಕಟ್ಟು ಬೇರೆ ಹಾಕ್ದೆ, ಮೊದಲೇ ಬಿಗಿ, ಅದರ ಮೇಲೆ ನಂದೊಂದು ಬಿಗಿ." ಆಮೇಲೆ ದನಿ ಗಡುಸು ಮಾಡಿಕೊಂಡಳು, ಅವಳಿಗೆ ಮೆತ್ತಗಿರಲು ಹೆಚ್ಚು ಹೊತ್ತು ಆಗುತ್ತಿರಲಿಲ್ಲ. "ಆದ್ರೂ ಮಾತು ಮಾತೇ. ನಿಮ್ಮಮ್ಮನ ಹೊಟ್ಟೆ ಕೆಳಗಿಳಿದಿದೆ. ಹೆಚ್ಚು ದಿನ ಇಲ್ಲ."

"ಗಾಯಕ್ಕೆ ಏನು ಹಾಕ್ಲಿ?"

"ಜೇನು. ಒಳ್ಳೇ ಜೇನು. ಅಂಗಡಿದು ಸಕ್ಕರೆ ಪಾಕ, ಅದಕ್ಕೆ ಇರುವೆ ಬರುತ್ತೆ ಅಷ್ಟೆ."

ಒಳ್ಳೆಯ ಜೇನು ಆ ಓಣಿಯಲ್ಲಿ ಒಬ್ಬರ ಮಾಳಿಗೆಯಲ್ಲೇ ಇದ್ದದ್ದು. ಹಸಿರು ದಾರದ ಕೋಳಿಗಳ ಹಿಂದೆ, ಸೌದೆಯಂತೆ ಒಂದರ ಮೇಲೊಂದು ಪೇರಿಸಿದ ಮಣ್ಣಿನ ಕೊಳವೆಗಳಲ್ಲಿ ಉಮ್ ಸಾಬಿರಳ ಜೇನುಗಳು ಗುಂಯ್‌ಗುಡುತ್ತಿದ್ದವು. ನವ್ವಾರಾ ಇಟ್ಟ ಆಣೆ ದೊಡ್ಡದು. ಗೋಡೆ ಸೊಂಟದೆತ್ತರದ್ದು. ಅವಳು ಕಟ್ಟಿದ ಗಂಟನ್ನು ಮುಷ್ಟಿಯಲ್ಲಿ ಹಿಡಿದು ಗೋಡೆ ಹತ್ತಿ ಇಳಿದಳು.

"ಬಂದ್ಯಾ ಡಾಕ್ಟರಮ್ಮ? ಕತ್ತು ಸರಿ ಹೋಯ್ತಾ?" ಉಮ್ ಸಾಬಿರ್ ಮುಲೂಖಿಯ್ಯಾ ಸೊಪ್ಪು ಬಿಡಿಸುತ್ತ ತಲೆ ಎತ್ತಲಿಲ್ಲ.

"ಸಲಾಂ ಅಲೈಕುಂ ಚಿಕ್ಕಮ್ಮ."

"ಅಲೈಕುಂ ಸಲಾಂ. ಓಹೋ! ಗೋಧಿ ತಿಂದಿದ್ದು ಯಾರ ಕೋಳಿ, ಬೈಸಿಕೊಂಡಿದ್ದು ಯಾರು?"

ನವ್ವಾರಾ ಮುಷ್ಟಿ ಬಿಚ್ಚಿದಳು. "ಪೊರಕೆ ಅಲ್ಲ ಚಿಕ್ಕಮ್ಮ. ನಾನೇ. ದಾರ ಒಳಗೇ ಹೂತುಹೋಗಿತ್ತು. ನಿಮ್ಮನ್ನ ಓಣಿಗೆಲ್ಲ ಕೇಳೋ ಹಾಗೆ ಬೈದೆ. ಓಣಿಗೆಲ್ಲ ಕೇಳೋ ಹಾಗೇನೇ ತಪ್ಪಾಯ್ತು ಅಂತ ಕೂಗಬೇಕು ಅಂದ್ರೆ ಕೂಗ್ತೀನಿ. ಆದ್ರೆ ಮೊದ್ಲು ಒಂದು ಚಮಚ ಜೇನು ಕೊಡಿ."

ಉಮ್ ಸಾಬಿರ್ ಸೊಪ್ಪಿನ ಕೈಯನ್ನು ಮಡಿಲಿಗೆ ಒರೆಸಿಕೊಂಡು ಕತ್ತರಿಸಿದ ಆ ಪುಟ್ಟ ಕೆಂಪು ಬಳೆಯನ್ನು ಎತ್ತಿ ನೋಡಿದಳು. ತನ್ನ ಕಿರುಬೆರಳಿಗೆ ಸುತ್ತಿ ನೋಡಿದಳು, ತುದಿಗೆ ತುದಿ ಮುಟ್ಟಲಿಲ್ಲ. "ಯಾ ರಬ್," ಎಂದಳು. "ಇಷ್ಟರೊಳಗೆ ಕಾಲಿತ್ತಾ?" ಎದ್ದು ಹೋಗಿ, ಚಮಚವಲ್ಲ, ಒಂದು ಬಟ್ಟಲು ತುಂಬ ತಂದಳು. "ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ತೊಳೆದು ಹಚ್ಚು. ಮೇಲೆ ಗಾಳಿಯಾಡೋ ಬಟ್ಟೆ. ಬಿಗಿ ಕಟ್ಟಬೇಡ್ವೇ ಮತ್ತೆ! ಕೂಗೋದೇನೂ ಬೇಡ, ನಿನ್ನ ದನಿ ನನಗೆ ಸಾಕಾಗಿದೆ."

ಮುಂದಿನ ನಾಲ್ಕು ದಿನ ನವ್ವಾರಾ ಶಾಲೆ, ಜೇನು, ಉಪ್ಪುನೀರು ಬಿಟ್ಟು ಬೇರೆ ಕಾಣಲಿಲ್ಲ. ಎರಡನೆಯ ದಿನ ಪಾದ ಬೆಚ್ಚಗಾಯಿತು. ಮುಟ್ಟಿ ನಂಬದೆ, ಕೆನ್ನೆಗೆ ಒತ್ತಿ ನೋಡಿಕೊಂಡಳು. ಮೂರನೆಯ ದಿನ ಹೊರಗಡೆಯ ಬೆರಳೊಂದು ಕಪ್ಪಾಗಿ ಒಣಗಿ ಉದುರಿತು; ಉಳಿದ ಮೂರು ಹಳದಿಗೆ ತಿರುಗಿದವು. ಇನ್ನು ನಡಿಗೆ. ಜಮಖಾನದ ಮೇಲೆ ಇಳಿಸಿ, ಬರ್ಸೀಮ್ ಸೊಪ್ಪಿನ ಕಂತೆಯನ್ನು ಒಂದು ಗೇಣು ದೂರ ಹಿಡಿಯುವಳು. ಮಿಶ್ಮಿಶಾ ಎಡಗಾಲಲ್ಲಿ ಕುಪ್ಪಳಿಸಿ ತಲುಪುವಳು. "ಕುಪ್ಪಳಿಸೋದು ಅಲ್ಲ ಕಣೇ, ನಡಿ." ಕಂತೆ ಇನ್ನೊಂದು ಗೇಣು ದೂರ. ಮತ್ತೆ ಕುಪ್ಪಳಿಕೆ. ಹೀಗೆ ಅಪ್ಪ ಎರಡು ಮೊಳ ನೇಯುವಷ್ಟು ಹೊತ್ತು. "ಅವಳಿಗಿಂತ ನಿನ್ನ ಮೊಣಕಾಲು ಮೊದಲು ಹೋಗುತ್ತೆ," ಎಂದ ಅಪ್ಪ. ನವ್ವಾರಾ ಮೊಣಕಾಲೂರಿಕೊಂಡೇ ಮತ್ತೊಂದು ಗೇಣು ಹಿಂದೆ ಸರಿದಳು.

ಐದನೆಯ ದಿನ ಬೆಳಗ್ಗೆ ಅಮ್ಮನಿಗೆ ನೋವು ಶುರುವಾಯಿತು. ಸೂಲಗಿತ್ತಿ ಬಂದು ಬಾಗಿಲು ಹಾಕಿಕೊಂಡಳು. ಬಿಸಿಲು ಮಗ್ಗದ ಕಾಲು ದಾಟುವ ಹೊತ್ತಿಗೆ ಒಳಗಿಂದ ಕೂಸಿನ ಅಳು ಕೇಳಿ, ಅಜ್ಜಿಯ ನಾಲಗೆ ಬಾಯೊಳಗೆ ಹೊರಳಾಡಿ, ಶುಭದ ಹೊತ್ತಿಗೆ ಹೆಂಗಸರು ಹಾಕುವ ಸಂತೋಷದ ಕೂಗು ಹೊರಟಿತು. ಪಕ್ಕದ ಮಾಳಿಗೆಯಿಂದ ಉಮ್ ಸಾಬಿರ್ ಅದಕ್ಕೆ ದನಿಗೂಡಿಸಿದಳು. ಹೆಣ್ಣು ಮಗು. ಅಮ್ಮ ಬೆಳ್ಳಗೆ, ಸುಸ್ತಾಗಿ, ನಗುತ್ತ ಮಲಗಿದ್ದಳು. ನವ್ವಾರಾ ಅವಳ ಹಣೆಗೆ ಮುತ್ತಿಟ್ಟು ಈಚೆ ಬರುವಾಗ, ಮೊಳೆಯಲ್ಲಿ ಚೂರಿ ಇರಲಿಲ್ಲ.

ಅಜ್ಜಿ ಮಾಳಿಗೆಯಲ್ಲಿದ್ದಳು. ತೋಳು ಮಡಿಸಿಕೊಂಡಿದ್ದಳು. "ಬಿಡು ಅವಳನ್ನ ಕೆಳಗೆ," ಎಂದಳು. "ಕೈ ತೆಗಿ. ಸೊಪ್ಪು ಗಿಪ್ಪು ತೋರಿಸೋ ಹಾಗಿಲ್ಲ."

ನವ್ವಾರಾ ಮಿಶ್ಮಿಶಾಳನ್ನು ನೆಲಕ್ಕೆ ಬಿಟ್ಟು ನಾಲ್ಕು ಹೆಜ್ಜೆ ಹಿಂದೆ ಹೋಗಿ ಕುಕ್ಕುರುಗಾಲಲ್ಲಿ ಕೂತಳು. ಕೋಳಿ ಎಡಗಾಲಲ್ಲಿ ನಿಂತಿತು. ಸುತ್ತ ನೋಡಿತು. ಹದಿನೈದು ದಿನದಿಂದ ಕಾಣದ ಆಕಾಶ, ಕಾಣದ ಗೆಳತಿಯರು. ಆಮೇಲೆ ಆ ಗದ್ದ ಕಂಡಿತು. ಬಲಗಾಲು ಪುಕ್ಕದಿಂದ ಇಳಿಯಿತು. ಮೂರು ಬೆರಳು ಅರಳಿ ನೆಲ ಮುಟ್ಟಿದವು, ಸುಟ್ಟಂತೆ ಮೇಲೆದ್ದವು, ಮತ್ತೆ ಮುಟ್ಟಿದವು. ಒಂದು ಹೆಜ್ಜೆ. ವಾಲಿತು, ರೆಕ್ಕೆ ಬಿಚ್ಚಿ ನಿಂತುಕೊಂಡಿತು. ಎರಡು. ಮೂರು, ನಾಲ್ಕು, ಐದು. ಆಮೇಲೆ ಓಡಿದ ಹಾಗೆಯೇ ಬಂದು ನವ್ವಾರಾಳ ಮಡಿಲಿಗೆ ಮುಗ್ಗರಿಸಿತು.

"ನಡೆದ್ಲು," ಎಂದಳು ಅಜ್ಜಿ. "ಸುಳ್ಳು ಹೇಳೋಕೆ ನನಗೇನು. ಕುಡಿದವರ ಹಾಗೆ ನಡೆದ್ಲು, ಆದ್ರೆ ನಡೆದ್ಲು." ಚೂರಿಯ ಹಿಡಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. "ಸರಿ. ಈಗ ಯಾವುದು?"

ನವ್ವಾರಾಳಿಗೆ ಮೊದಲು ಅರ್ಥವಾಗಲಿಲ್ಲ.

"ನಿಮ್ಮಮ್ಮ ಒಳಗೆ ರಕ್ತ ಕಳ್ಕೊಂಡು ಮಲಗಿದಾಳೆ. ಸಾರು ಗಾಳೀಲಿ ಬೇಯಲ್ಲ. ಇವಳಲ್ಲ ಅಂದ್ರೆ ಇನ್ಯಾವುದು? ನಾನೇ ತಂದು ಕೊಡ್ತೀನಿ ಅಂದಿದ್ದೆಯಲ್ಲ, ತಾ."

ಹದಿನೈದು ದಿನವೂ ಅವಳು ಒಂದು ಕೋಳಿಯನ್ನು ಸಾರಿನ ಪಾತ್ರೆಯಿಂದ ಹೊರಗೆ ಎಳೆಯುತ್ತಲೇ ಇದ್ದಳು. ಪಾತ್ರೆ ಖಾಲಿ ಉಳಿಯುವುದಿಲ್ಲ ಎಂಬುದು ಅವಳ ಕನಸಿನಲ್ಲೂ ಬಂದಿರಲಿಲ್ಲ. ಮಾಳಿಗೆಯ ಮೇಲೆ ನಾಲ್ಕು ಕೋಳಿಗಳು ಏನೂ ಅರಿಯದೆ ಕೆದಕುತ್ತಿದ್ದವು. ಯಾವುದಕ್ಕೂ ಹೆಸರಿರಲಿಲ್ಲ. ಹೆಸರಿಲ್ಲದ್ದರಿಂದ ಸುಲಭವಾಗುತ್ತದೆ ಎಂದುಕೊಂಡು ನೋಡಿದಳು, ಆಗಲಿಲ್ಲ. ಕರಿಯದು ದಿನಾ ಮೊಟ್ಟೆ ಇಡುತ್ತಿತ್ತು. ಬೂದು ಬಣ್ಣದ್ದು ಕಾವಿಗೆ ಕೂರುವ ಹೊತ್ತು. ಬಿಳಿಯದು ಇನ್ನೂ ಮರಿಬುದ್ಧಿ. ಚುಕ್ಕೆಯದು ವಯಸ್ಸಾದದ್ದು, ಆಗೊಮ್ಮೆ ಈಗೊಮ್ಮೆ ಮೊಟ್ಟೆ ಇಡುತ್ತ, ಸಂಜೆ ಎಲ್ಲರಿಗಿಂತ ಮೊದಲು ಗೂಡು ಸೇರುವಂಥದ್ದು.

"ಅದೋ," ಎಂದು ಬೊಟ್ಟು ಮಾಡಿ ಕೆಳಗಿಳಿದು ಹೋಗಿಬಿಡಬಹುದಿತ್ತು. ಅಜ್ಜಿ ತಡೆಯುತ್ತಿರಲಿಲ್ಲ. ನವ್ವಾರಾ ಮಿಶ್ಮಿಶಾಳನ್ನು ಬುಟ್ಟಿಯ ಕೆಳಗೆ ಮುಚ್ಚಿ, ಎದ್ದು ಹೋಗಿ ಚುಕ್ಕೆಯದನ್ನು ಎರಡೂ ಕೈಯಿಂದ ಮೆಲ್ಲನೆ ಹಿಡಿದು ತಂದಳು. ಮೊದಲು ಜೇಬಿನಿಂದ ಸಣ್ಣ ಕತ್ತರಿ ತೆಗೆದು ಅದರ ಕಾಲಿನ ಕೆಂಪು ದಾರವನ್ನು ಕತ್ತರಿಸಿದಳು. ಆಮೇಲೆ ನೀರು ಕುಡಿಸಿದಳು. ಆಮೇಲೆ, ಅಜ್ಜಿ ಬಿಸ್ಮಿಲ್ಲಾ ಎನ್ನುವಾಗ, ಕಾಲುಗಳನ್ನು ತಾನೇ ಹಿಡಿದುಕೊಂಡಳು. ಬಿಸಿಯಾಗಿ ಜಗ್ಗಿದ ಆ ಕಾಲುಗಳು ಸುಮ್ಮನಾಗುವವರೆಗೂ ಬಿಡಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ.

ಸಾರನ್ನು ಅವಳೇ ಬಟ್ಟಲಿಗೆ ಬಗ್ಗಿಸಿ ಅಮ್ಮನಿಗೆ ಕುಡಿಸಿದಳು. "ಮಿಶ್ಮಿಶಾನಾ?" ಎಂದು ಅಮ್ಮ ಮೆಲ್ಲಗೆ ಕೇಳಿದಳು, ಬಟ್ಟಲನ್ನು ತುಟಿಗೆ ತಾಗಿಸದೆ. "ಅಲ್ಲಮ್ಮ, ಚುಕ್ಕೆಯದು. ಪೂರ್ತಿ ಕುಡಿ, ಒಂದು ತೊಟ್ಟೂ ಬಿಡಬೇಡ," ಎಂದಳು ನವ್ವಾರಾ. ಅಮ್ಮ ಬಿಡಲಿಲ್ಲ. ಸಂಜೆ ನವ್ವಾರಾ ಮಾಳಿಗೆಗೆ ಹೋಗಿ ಉಳಿದ ಕೋಳಿಗಳ ದಾರಗಳನ್ನೆಲ್ಲ ಬಿಚ್ಚಿ, ಸಡಿಲವಾಗಿ, ಒಂದೇ ಗಂಟು ಹಾಕಿ ಮತ್ತೆ ಕಟ್ಟಿದಳು. ಮಿಶ್ಮಿಶಾಳಿಗೆ ಕಟ್ಟಲಿಲ್ಲ. ಮೂರೇ ಬೆರಳಿನ ಕೋಳಿ ಯಾರದೆಂದು ಇನ್ನು ಓಣಿಗೆ ಹೇಳಬೇಕಿರಲಿಲ್ಲ.

ಕೂಸು ಹುಟ್ಟಿದ ಏಳನೆಯ ದಿನ, ಹೆಸರಿಡುವುದಕ್ಕೆ ಮನೆ ತುಂಬ ಜನ. ಬಾಣಂತಿ ಮನೆಯ ಮುಗಾತ್ ಕಷಾಯದ ಬಟ್ಟಲುಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಪದ್ಧತಿಯಂತೆ ಕೂಸನ್ನು ಜರಡಿಯಲ್ಲಿ ಮಲಗಿಸಿ, ಅಮ್ಮ ಅದನ್ನು ಏಳು ಸಲ ದಾಟಿದಳು, ಅಜ್ಜಿ ಹಿತ್ತಾಳೆಯ ಒರಳನ್ನು ಕುಟ್ಟುತ್ತ, "ಅಮ್ಮನ ಮಾತು ಕೇಳು! ಅಜ್ಜಿ ಮಾತು ಅದಕ್ಕಿಂತ ಹೆಚ್ಚು ಕೇಳು! ಅಕ್ಕನ ಹಟ ಕಲಿಬೇಡ!" ಎಂದು ಕಿರುಚಿದಳು. ಎಲ್ಲರೂ ನಕ್ಕರು. ಹೆಸರು ನಸ್ಮಾ ಎಂದಾಯಿತು.

ಕೊನೆಗೆ ಅಜ್ಜಿ ಮಡಿಲಿನಿಂದ ಒಂದು ನೀಲಿ ಮಣಿ ತೆಗೆದಳು. ದೃಷ್ಟಿ ತಾಗದಿರಲೆಂದು ಕೂಸಿನ ಮಣಿಕಟ್ಟಿಗೆ ಕಟ್ಟುವುದು. ಪೋಣಿಸಿದ್ದು ಮಗ್ಗದ ಕೆಂಪು ದಾರದಲ್ಲಿ. ಉಮ್ ಸಾಬಿರ್ ಆ ಪುಟ್ಟ ಕೈಯನ್ನು ಹಿಡಿದಳು, ಅಜ್ಜಿ ಒಂದು ಸುತ್ತು ಸುತ್ತಿ ಗಂಟು ಬಿಗಿಯಲು ಹೊರಟಳು.

"ತಡಿ ಅಜ್ಜಿ," ಎಂದಳು ನವ್ವಾರಾ.

ಜನರ ನಡುವೆ ತೂರಿ ಬಂದು ಮೊಣಕಾಲೂರಿದಳು. ತಂಗಿಯ ಮಣಿಕಟ್ಟಿಗೂ ದಾರಕ್ಕೂ ನಡುವೆ ತನ್ನ ಕಿರುಬೆರಳನ್ನು ಇಟ್ಟಳು. ಆ ಪುಟ್ಟ ಮಣಿಕಟ್ಟು ಬೆಚ್ಚಗಿತ್ತು, ಮೆತ್ತಗಿತ್ತು.

"ಹೂಂ," ಎಂದಳು. "ಈಗ ಕಟ್ಟು."